ಅನ್ನದ ಜೊತೆಗೆ ಅಭಯ

ಬಸದಿಗಳ ಗೋಡೆಗಳ ಮೇಲೆ, ಜೈನ ಪಂಚಾಂಗಗಳ ಹೊದಿಕೆಯ ಮೇಲೆ, ಶ್ರಾವಕರ ಮನೆಗಳ ಪಡಸಾಲೆಯಲ್ಲಿ ಒಂದು ಚಿತ್ರ ಕಾಣಸಿಗುತ್ತದೆ. ಸಿಂಹಿಣಿಯೂ ಹಸುವೂ ಒಂದೇ ಪಾತ್ರೆಯಿಂದ ನೀರು ಕುಡಿಯುತ್ತಿವೆ. ಕರು ಸಿಂಹಿಣಿಯ ಹಾಲುಣ್ಣುತ್ತಿದೆ, ಸಿಂಹದ ಮರಿ ಹಸುವಿನ ಕೆಚ್ಚಲಿಗೆ ಬಾಯಿಟ್ಟಿದೆ. ಅಕ್ಷರ ಬಾರದವರಿಗೂ ಅಹಿಂಸೆಯ ಅರ್ಥ ತಿಳಿಸುವ ಚಿತ್ರವಿದು. ತೀರ್ಥಂಕರರ ಸಮವಸರಣವನ್ನು ವರ್ಣಿಸುವ ಪುರಾಣಗಳೂ ಇದೇ ಮಾತನ್ನು ಹೇಳುತ್ತವೆ: ಅಲ್ಲಿ ಹಾವು ಮುಂಗುಸಿಗಳು, ಬೆಕ್ಕು ಇಲಿಗಳು ಹುಟ್ಟುಹಗೆಯನ್ನು ಮರೆತು ಒಂದೇ ಸಭೆಯಲ್ಲಿ ಕುಳಿತು ದಿವ್ಯಧ್ವನಿಯನ್ನು ಆಲಿಸುತ್ತವೆ.

ಈ ಚಿತ್ರ ತೂಗುಹಾಕಿರುವ ಮನೆಯಲ್ಲಿಯೇ ಮೂರೋ ನಾಲ್ಕೋ ಬೆಕ್ಕುಗಳಿವೆ ಎನ್ನೋಣ. ಸೂರ್ಯಾಸ್ತಕ್ಕೆ ಮುನ್ನ ಮನೆಯವರ ಊಟ ಮುಗಿಯಬೇಕು. ಬೆಕ್ಕುಗಳಿಗೂ ಅದೇ ವೇಳೆಗೆ ಆಹಾರವಿಡುವ ರೂಢಿ. ಅಡುಗೆಮನೆಯ ಬಾಗಿಲಲ್ಲಿ ಅಗಲವಾದ ಒಂದು ತಟ್ಟೆ ಬಂದು ಕೂರುತ್ತದೆ. ಎಲ್ಲವೂ ಹಂಚಿಕೊಂಡು ತಿನ್ನಲಿ ಎಂಬುದು ಮನೆಯೊಡತಿಯ ಸದಾಶಯ. ಆದರೆ ನಡೆಯುವುದೇ ಬೇರೆ. ದೊಡ್ಡ ಗಂಡುಬೆಕ್ಕು ತಟ್ಟೆಯ ಮೇಲೆ ಕುತ್ತಿಗೆ ಚಾಚಿ ನಿಲ್ಲುತ್ತದೆ, ಗಂಟಲಲ್ಲೇ ಗುರುಗುಟ್ಟುತ್ತ ಅಗಿಯದೆ ನುಂಗುತ್ತದೆ. ಒಂದು ಹೆಣ್ಣುಬೆಕ್ಕು ಬದಿಯಿಂದ ಪಂಜ ಹಾಕಿ ಒಂದೆರಡು ತುತ್ತು ಎಳೆದುಕೊಳ್ಳುತ್ತದೆ. ಮತ್ತೊಂದು ಬಾಗಿಲ ಆಚೆಯೇ ಕುಳಿತು, ತನಗೆ ಹಸಿವೇ ಇಲ್ಲವೆಂಬಂತೆ ಮುಖವನ್ನು ಬೇರೆಡೆಗೆ ತಿರುಗಿಸಿ ಮೈ ನೆಕ್ಕಿಕೊಳ್ಳುತ್ತದೆ. ‘ಅದು ಸಾಧು, ಆಮೇಲೆ ತಿನ್ನುತ್ತದೆ’ ಎಂದು ಮನೆಯವರು ಹೇಳಿಕೊಳ್ಳುತ್ತಾರೆ. ಆಮೇಲೆ ತಟ್ಟೆಯಲ್ಲಿ ಉಳಿದಿರುವುದಾದರೂ ಏನು?

ಚಿತ್ರವನ್ನು ಓದುವುದರಲ್ಲಿಯೇ ಇಲ್ಲಿ ತಪ್ಪಾಗಿದೆ. ಒಂದೇ ಪಾತ್ರೆಯನ್ನು ಮುಂದಿಟ್ಟದ್ದರಿಂದ ಸಿಂಹಿಣಿ ಹಸುಗಳು ಸ್ನೇಹಿತರಾಗಲಿಲ್ಲ. ಭಯ ಅಳಿದದ್ದರಿಂದ ಅವು ಒಂದೇ ಪಾತ್ರೆಯ ಬಳಿಗೆ ಬಂದವು. ಸಮವಸರಣದಲ್ಲಿ ಆ ಭಯವನ್ನು ಅಳಿಸಿದ್ದು ಜಿನರ ಸಾನ್ನಿಧ್ಯ. ಗೃಹಸ್ಥನ ಅಡುಗೆಮನೆಯಲ್ಲಿ ಅಂಥ ಅತಿಶಯವಿಲ್ಲ. ಅಲ್ಲಿ ಭಯದ ಕಾರಣಗಳನ್ನು ಮನುಷ್ಯನೇ ಒಂದೊಂದಾಗಿ ತೆಗೆಯಬೇಕು. ಅದಕ್ಕೆ ಮೊದಲು ಅವು ಯಾವುವೆಂದು ತಿಳಿದಿರಬೇಕು.

ಜೈನ ಸಿದ್ಧಾಂತ ಸಂಸಾರಿ ಜೀವಿಗಳಲ್ಲಿ ನಾಲ್ಕು ಸಂಜ್ಞೆಗಳನ್ನು ಗುರುತಿಸುತ್ತದೆ: ಆಹಾರ, ಭಯ, ಮೈಥುನ, ಪರಿಗ್ರಹ. ಸಂಜ್ಞೆಯೆಂದರೆ ಇಲ್ಲಿ ಹೆಸರಲ್ಲ, ಒಳಗಿನಿಂದ ಒತ್ತಿ ಬರುವ ಬಯಕೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಈ ಒಂದೊಂದು ಸಂಜ್ಞೆಗೂ ನಾಲ್ಕು ನಾಲ್ಕು ಕಾರಣಗಳನ್ನು ಎಣಿಸಿ ಹೇಳಿದ್ದಾರೆ. 1359ರಲ್ಲಿ ಕೇಶವಣ್ಣ ಈ ಗ್ರಂಥಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನೆಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಆಹಾರಸಂಜ್ಞೆ ಎಚ್ಚರಗೊಳ್ಳಲು ಅಲ್ಲಿ ಹೇಳಿರುವ ಕಾರಣಗಳು ಇವು: ಆಹಾರ ಕಣ್ಣಿಗೆ ಬೀಳುವುದು, ಮನಸ್ಸು ಅದರಲ್ಲಿಯೇ ನೆಟ್ಟಿರುವುದು, ಹೊಟ್ಟೆ ಬರಿದಾಗಿರುವುದು, ಅಸಾತಾವೇದನೀಯ ಕರ್ಮದ ಉದೀರಣೆ. ಭಯಸಂಜ್ಞೆಗೂ ಹೀಗೆಯೇ: ಭಯಂಕರವಾದುದು ಕಾಣುವುದು, ಅದರ ನೆನಪು, ತನ್ನಲ್ಲಿ ಶಕ್ತಿ ಸಾಲದಿರುವುದು, ಭಯಕರ್ಮದ ಉದೀರಣೆ. ಪರಿಗ್ರಹಸಂಜ್ಞೆಯಲ್ಲಿಯೂ ವಸ್ತುವಿನ ದರ್ಶನವೇ ಒಂದು ಕಾರಣವಾಗಿ ಬರುತ್ತದೆ. ಜೊತೆಗೆ ಅದರ ಚಿಂತನೆ, ಮೂರ್ಛೆ, ಲೋಭಕರ್ಮದ ಉದೀರಣೆ.

ತಟ್ಟೆಯನ್ನು ಕಾಯುವ ಬೆಕ್ಕನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಗುರುಗುಟ್ಟುವಿಕೆ ಬರಿಯ ದುರಾಸೆಯಾಗಿ ಕಾಣುವುದಿಲ್ಲ. ಆಹಾರ, ಭಯ, ಪರಿಗ್ರಹ ಎಂಬ ಮೂರು ಸಂಜ್ಞೆಗಳು ಒಂದೇ ಗಳಿಗೆಯಲ್ಲಿ ಆ ಪುಟ್ಟ ಮೈಯನ್ನು ಹಿಡಿದಿವೆ. ತುತ್ತು ಬಾಯಲ್ಲಿದೆ, ಕಣ್ಣು ಮಾತ್ರ ಪಕ್ಕದ ಬೆಕ್ಕಿನ ಮೇಲಿದೆ. ತಿನ್ನುತ್ತಿರುವುದರ ಸುಖಕ್ಕಿಂತ ಕಳೆದುಕೊಳ್ಳುವ ಅಂಜಿಕೆಯೇ ಅಲ್ಲಿ ದೊಡ್ಡದು. ಅವಸರದಲ್ಲಿ ನುಂಗಿದ್ದನ್ನು ಸ್ವಲ್ಪ ಹೊತ್ತಿನಲ್ಲೇ ಕಕ್ಕುವ ಬೆಕ್ಕುಗಳನ್ನು ಸಾಕಿದವರೆಲ್ಲ ಕಂಡಿರುತ್ತಾರೆ. ತಿಂದದ್ದೂ ದಕ್ಕಲಿಲ್ಲ, ಬಿಟ್ಟುಕೊಟ್ಟದ್ದೂ ಇಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುಗಳ ರಾಶಿಯಲ್ಲಿ ಕಾಣದೆ, ವಸ್ತುವಿಗೆ ಅಂಟಿಕೊಂಡ ಮನಸ್ಸಿನ ಮೂರ್ಛೆಯಲ್ಲಿ ಕಂಡದ್ದು ಏಕೆಂಬುದಕ್ಕೆ ಒಂದು ಹಿಡಿ ಅನ್ನದ ಮುಂದಿನ ಈ ನೋಟವೇ ಸಾಕ್ಷಿ.

ಹಾಗೆಂದು ಬೆಕ್ಕಿನ ಮೇಲೆ ಸಿಟ್ಟಾಗುವುದು ನ್ಯಾಯವೂ ಅಲ್ಲ, ಸಿದ್ಧಾಂತಕ್ಕೆ ಒಪ್ಪುವಂಥದೂ ಅಲ್ಲ. ಆಹಾರಸಂಜ್ಞೆ ಮಹಾವ್ರತಿಗಳಾದ ಮುನಿಗಳಲ್ಲಿಯೂ ಆರನೆಯದಾದ ಪ್ರಮತ್ತವಿರತ ಗುಣಸ್ಥಾನದವರೆಗೆ ಇದ್ದೇ ಇರುತ್ತದೆ ಎನ್ನುತ್ತದೆ ಗೊಮ್ಮಟಸಾರ. ಮನೆಮಠ ತೊರೆದವರಿಗೇ ಆರನೆಯ ಮೆಟ್ಟಿಲಿನವರೆಗೆ ಬೆನ್ನುಬಿಡದ ಬಯಕೆಯನ್ನು ತಿರ್ಯಂಚ ಜೀವವೊಂದು ಪೊರಕೆಯ ಏಟಿಗೆ ಬಿಡಬೇಕೆನ್ನುವುದು ಹೇಗೆ? ಅದರಲ್ಲೂ ಬೆಕ್ಕು ಮನಸ್ಸುಳ್ಳ ಸಂಜ್ಞಿ ಪಂಚೇಂದ್ರಿಯ ಜೀವ. ಏಟು ತಿಂದದ್ದನ್ನು ಅದು ನೆನಪಿಡುತ್ತದೆ, ಆದರೆ ನಾವು ಕಲಿಸಬೇಕೆಂದದ್ದನ್ನು ಕಲಿಯುವುದಿಲ್ಲ. ತಟ್ಟೆಯ ಬಳಿ ನಿಂತಾಗ ನೋವಾಯಿತು, ಆಗ ಪಕ್ಕದಲ್ಲಿ ಇನ್ನೊಂದು ಬೆಕ್ಕಿತ್ತು ಎಂಬುದಷ್ಟೇ ಅದಕ್ಕೆ ಉಳಿಯುವುದು. ಮರುದಿನ ಆ ಇನ್ನೊಂದನ್ನು ಕಂಡೊಡನೆ ಭಯ ಇಮ್ಮಡಿಸುತ್ತದೆ. ಭಯ ಇಮ್ಮಡಿಸಿದರೆ ಕಾವಲೂ ಇಮ್ಮಡಿ.

ಸ್ವಭಾವದ ಮಾತೂ ಇದೆ. ಮನೆಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾಗಳ ಕಾಡುಬೆಕ್ಕು. ಅದು ಒಂಟಿ ಬೇಟೆಗಾರ. ಸಿಂಹಗಳಂತೆ ದೊಡ್ಡ ಪ್ರಾಣಿಯನ್ನು ಗುಂಪಾಗಿ ಕೆಡವಿ ಹಂಚಿಕೊಂಡು ತಿಂದದ್ದಲ್ಲ. ಒಂದು ಬೆಕ್ಕು, ಒಂದು ಇಲಿ, ಒಂದು ಹೊಟ್ಟೆ ಎಂಬುದು ಅದರ ಲೆಕ್ಕ. ಇಂದಿಗೂ ಆಯ್ಕೆ ಅದರದೇ ಆದರೆ ಬೆಕ್ಕು ದಿನಕ್ಕೆ ಒಂದೆರಡು ದೊಡ್ಡ ಊಟಗಳಿಗಿಂತ ಹಲವು ಸಲ ಚೂರು ಚೂರಾಗಿ ತಿನ್ನುತ್ತದೆ, ತಿನ್ನುವಾಗ ಒಂಟಿಯಾಗಿರಲು ಬಯಸುತ್ತದೆ. ಸಾಲಾಗಿ ಇಟ್ಟ ಬಟ್ಟಲುಗಳಲ್ಲಿ ನಾಲ್ಕು ಬೆಕ್ಕುಗಳು ಭುಜಕ್ಕೆ ಭುಜ ತಾಗಿಸಿ ತಿನ್ನುವ ಫೋಟೊ ನೋಡಲು ಚೆಂದ. ಬಹಳ ಸಲ ಅದು ಸ್ನೇಹದ ಫೋಟೊ ಅಲ್ಲ, ಹಸಿವು ಭಯವನ್ನು ತಾತ್ಕಾಲಿಕವಾಗಿ ಮೆಟ್ಟಿ ನಿಂತ ಫೋಟೊ. ಅಮೆರಿಕದ ಬೆಕ್ಕುವೈದ್ಯರ ಸಂಘ ಮತ್ತು ಅಂತರರಾಷ್ಟ್ರೀಯ ಬೆಕ್ಕುವೈದ್ಯ ಸಂಘ ಸೇರಿ 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಆಹಾರ, ನೀರು, ಮಲಗುವ ಜಾಗ ಮುಂತಾದವು ಒಂದಕ್ಕಿಂತ ಹೆಚ್ಚು ಇರಬೇಕು, ಒಂದರಿಂದ ಒಂದು ದೂರವಿರಬೇಕು ಎಂಬುದನ್ನು ಬೆಕ್ಕಿನ ಮೂಲ ಅಗತ್ಯಗಳಲ್ಲಿ ಸೇರಿಸಲಾಗಿದೆ. ‘ದರ್ಶನ’ವೇ ಸಂಜ್ಞೆಗೆ ಕಾರಣವೆಂಬ ಜೀವಕಾಂಡದ ಎಣಿಕೆಗೂ ಇದಕ್ಕೂ ದೂರವಿಲ್ಲ. ಕರ್ಮದ ಉದೀರಣೆ ಗೃಹಸ್ಥನ ಕೈಯಲ್ಲಿಲ್ಲ. ಬಟ್ಟಲನ್ನು ಎಲ್ಲಿಡಬೇಕೆಂಬುದು ಅವನ ಕೈಯಲ್ಲಿಯೇ ಇದೆ.

ಇಲ್ಲಿಯವರೆಗೆ ಕಾಯುವ ಬೆಕ್ಕಿನ ಮಾತಾಯಿತು. ಧರ್ಮದ ದೃಷ್ಟಿಯಿಂದ ಹೆಚ್ಚು ಗಂಭೀರವಾದುದು ಬಾಗಿಲ ಆಚೆ ಕುಳಿತ ಬೆಕ್ಕಿನ ಸಂಗತಿ. ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳಿವೆ: ಬಂಧನ, ವಧೆ ಎಂದರೆ ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನನಿರೋಧ. ಕೊನೆಯದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರವಾರಣವೆಂದು ಕರೆದಿದ್ದಾರೆ. ಆಶ್ರಯದಲ್ಲಿರುವ ಪಶುಗಳನ್ನು ಹಸಿವು ನೀರಡಿಕೆಗಳಿಂದ ಬಾಧಿಸುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದರ ಅರ್ಥವನ್ನು ಬಿಡಿಸಿದ್ದಾರೆ. ಆ ಕಾಲದಲ್ಲಿ ಮನಸ್ಸಿನಲ್ಲಿದ್ದವು ದನಕರುಗಳು. ಗಾಡಿ ಎಳೆಯಲೊಲ್ಲದ ಎತ್ತಿಗೆ ಹುಲ್ಲು ನಿಲ್ಲಿಸುವವರನ್ನು ಎಚ್ಚರಿಸಲು ಹೇಳಿದ ಮಾತು. ಆದರೆ ಹಸಿವಿನ ನೋವು ಎತ್ತಿಗೂ ಬೆಕ್ಕಿಗೂ ಒಂದೇ.

‘ನಾವು ತಡೆಯಲಿಲ್ಲವಲ್ಲ, ತಟ್ಟೆ ತುಂಬ ಇಟ್ಟಿದ್ದೆವಲ್ಲ’ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು ಮೂಲದಲ್ಲಿರಿಸಿದ್ದಾರೆ. ಒಂದು ಬೆಕ್ಕು ಇನ್ನೊಂದರ ಆಹಾರವನ್ನು ನಿತ್ಯ ಕಸಿಯುತ್ತಿದೆ ಎಂದು ಕಂಡೂ ಸುಮ್ಮನಿದ್ದರೆ, ಅನ್ನವನ್ನು ತಡೆದದ್ದು ಆ ಬೆಕ್ಕಾದರೂ ತಡೆಯಲು ಎಡೆಮಾಡಿಕೊಟ್ಟದ್ದು ಮನೆಯ ಎಚ್ಚರಗೇಡಿತನ. ಇದರ ಪರಿಣಾಮವೂ ಚಿಕ್ಕದಲ್ಲ. ಬೆಕ್ಕಿನ ದೇಹ ಉಪವಾಸಕ್ಕೆ ಒಗ್ಗಿದ್ದಲ್ಲ. ಕೆಲವೇ ದಿನ ಆಹಾರ ತಪ್ಪಿದರೂ, ಅದರಲ್ಲೂ ದಪ್ಪಗಿರುವ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಎರವಾಗಬಹುದು. ನಾಲ್ಕು ಬೆಕ್ಕುಗಳು ಒಂದೇ ತಟ್ಟೆಯಲ್ಲಿ ತಿನ್ನುವ ಮನೆಯಲ್ಲಿ ಒಂದು ತಿನ್ನುವುದನ್ನು ಬಿಟ್ಟಿದೆ ಎಂಬುದು ಬಹಳ ತಡವಾಗಿ ಗೊತ್ತಾಗುತ್ತದೆ. ತಟ್ಟೆ ಖಾಲಿಯಾಗುತ್ತಲೇ ಇರುತ್ತದೆಯಲ್ಲ!

ದಶಲಕ್ಷಣ ಪರ್ವದ ದಿನಗಳಲ್ಲಿ ಈ ವಿಚಾರಕ್ಕೆ ಇನ್ನಷ್ಟು ಗಮನ ಬೇಕು. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಮನೆಯವರು ಏಕಭುಕ್ತ, ಉಪವಾಸಗಳಲ್ಲಿ ತೊಡಗಿರುತ್ತಾರೆ. ಒಲೆ ಹೊತ್ತುವ ವೇಳೆ ಬದಲಾಗುತ್ತದೆ, ಬಸದಿಯಿಂದ ಮರಳುವುದು ತಡವಾಗುತ್ತದೆ. ಬೆಕ್ಕುಗಳ ಆಹಾರದ ಹೊತ್ತು ಅದರೊಂದಿಗೆ ಹಿಂದೆ ಮುಂದೆ ಸರಿಯುತ್ತದೆ. ಮನುಷ್ಯನಿಗೆ ಉಪವಾಸ ತಪವಾಗುವುದು ಅವನು ತಾನಾಗಿ ಅದನ್ನು ಕೈಗೊಂಡದ್ದರಿಂದ. ಬೆಕ್ಕಿನ ಮೇಲೆ ಬಂದು ಬಿದ್ದ ಉಪವಾಸ ತಪವಲ್ಲ, ಅನ್ನಪಾನನಿರೋಧ. ಊಟ ಯಾವಾಗ ಬರುವುದೋ ತಿಳಿಯದ ಪ್ರಾಣಿ ಬಂದ ಊಟವನ್ನು ಇನ್ನಷ್ಟು ಬಿಗಿಯಾಗಿ ಕಾಯುವುದು ಸಹಜ. ಉತ್ತಮ ಕ್ಷಮಾದಿ ಧರ್ಮಗಳ ಪ್ರವಚನ ಕೇಳಿ ಮನೆಗೆ ಬಂದಾಗ ಹಿತ್ತಿಲಲ್ಲಿ ಬೆಕ್ಕುಗಳ ಕಾದಾಟ ಕೇಳಿಸಿದರೆ ಬೆಕ್ಕುಗಳನ್ನು ಬಯ್ಯುವುದರಿಂದ ಫಲವಿಲ್ಲ.

ಬಸದಿಯ ಚಿತ್ರಕ್ಕೆ ಪೂರ್ತಿ ವಿರುದ್ಧವಾದ ಚಿತ್ರವೊಂದು ಜನ್ನನ ಯಶೋಧರ ಚರಿತೆಯಲ್ಲಿದೆ. 1209ರಲ್ಲಿ ರಚಿತವಾದ ಈ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪ್ರಾಣಿಜನ್ಮಗಳಲ್ಲಿ ಬಳಲುತ್ತಾರೆ. ಮಗ ನವಿಲಾಗಿ, ತಾಯಿ ನಾಯಿಯಾಗಿ ತಾವು ಬಾಳಿದ ಅರಮನೆಗೇ ಬಂದು ಸೇರುತ್ತಾರೆ. ಕೊನೆಗೆ ಆ ನಾಯಿಯೇ ನವಿಲಿನ ಕೊರಳನ್ನು ಹಿಡಿಯುತ್ತದೆ. ಹಡೆದವಳಿಗೆ ತಾನು ಕಚ್ಚಿದ್ದು ಯಾರನ್ನೆಂದು ತಿಳಿಯದು. ಒಂದೇ ಸೂರಿನ ಕೆಳಗೆ ಕೂಡಿಬಂದ ಪ್ರಾಣಿಗಳ ನಡುವಣ ಕಾದಾಟವನ್ನು ಜೈನ ಕವಿ ಎಂದೂ ತಮಾಷೆಯಾಗಿ ಕಂಡಿಲ್ಲ. ಬೆಕ್ಕುಗಳು ತಟ್ಟೆಗಾಗಿ ಜಗಳವಾಡುವ ವಿಡಿಯೊಗಳನ್ನು ಹಂಚಿಕೊಂಡು ನಗುವವರು ಈ ಕಾವ್ಯವನ್ನು ಒಮ್ಮೆ ಓದಬಹುದು.

ಜೈನರ ಮನೆಯಲ್ಲಿ ಬೆಕ್ಕಿರಬಹುದೇ ಎಂಬ ಪ್ರಶ್ನೆ ಓದುಗರಲ್ಲಿ ಈಗಾಗಲೇ ಎದ್ದಿರಬೇಕು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದು ಅನರ್ಥದಂಡಗಳಲ್ಲಿ ಎಣಿಕೆಯಾಗಿದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿಗಳನ್ನು ಪೋಷಿಸುವುದನ್ನು ನಿಂದ್ಯ ಜೀವನೋಪಾಯಗಳಲ್ಲಿ ಸೇರಿಸಿದೆ. ಆಚಾರ್ಯರ ಎಚ್ಚರಿಕೆಗೆ ಕಾರಣ ಸ್ಪಷ್ಟ: ಬೆಕ್ಕು ಮಾಂಸಾಹಾರಿ, ಅದನ್ನು ಬೇಕೆಂದೇ ತಂದು ಸಾಕುವವನು ಅದರ ಹಿಂಸೆಯಲ್ಲಿ ಪಾಲುಗಾರನಾಗುತ್ತಾನೆ. ಅಂಗಡಿಯಿಂದ ಬೆಲೆಕೊಟ್ಟು ತಳಿಬೆಕ್ಕನ್ನು ತರಲು ಹೊರಟವರಿಗೆ ಈ ಮಾತು ಇಂದಿಗೂ ನೇರವಾಗಿ ಅನ್ವಯಿಸುತ್ತದೆ. ಆದರೆ ಹೆಚ್ಚಿನ ಮನೆಗಳಲ್ಲಿ ಬೆಕ್ಕನ್ನು ಯಾರೂ ತಂದಿರುವುದಿಲ್ಲ. ಮಳೆಗಾಲದಲ್ಲಿ ಕೊಟ್ಟಿಗೆಯ ಹುಲ್ಲಿನಲ್ಲಿ ಮರಿಹಾಕಿದ್ದು, ಯಾರೋ ಗೋಣಿಚೀಲದಲ್ಲಿ ತಂದು ಬಸದಿಯ ಅಂಗಳದಲ್ಲಿ ಬಿಟ್ಟುಹೋದದ್ದು, ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡದ್ದು, ಹೀಗೆ ತಾವಾಗಿ ಬಂದು ಸೇರಿದವು. ತರಬಾರದಿತ್ತು ಎಂಬ ವಾದ ಅವುಗಳ ವಿಷಯದಲ್ಲಿ ಹುಟ್ಟುವುದಿಲ್ಲ. ಆಶ್ರಯಕ್ಕೆ ಬಂದದ್ದನ್ನು ಹಸಿವಿನಲ್ಲಿ ಇರಿಸಬಾರದು ಎಂಬ ಅಣುವ್ರತದ ನಿಯಮವಷ್ಟೇ ಉಳಿಯುತ್ತದೆ.

ಅವಕ್ಕೆ ಏನನ್ನು ಉಣಿಸಬೇಕೆಂಬುದು ನಿಜಕ್ಕೂ ತೊಡಕಿನ ಪ್ರಶ್ನೆ. ಹಾಲನ್ನವೊಂದರಿಂದಲೇ ಬೆಕ್ಕು ಬಾಳದು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದೂ ಇಲ್ಲ. ಟಾರೀನ್ ಎಂಬ ಪೋಷಕಾಂಶ ಸಾಲದಿದ್ದರೆ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಕೆಡುತ್ತದೆಂದು 1975ರಲ್ಲಿಯೂ, ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿಯೂ ಸಂಶೋಧಕರು ತೋರಿಸಿದರು. ಟಾರೀನನ್ನು ಈಗ ಕೃತಕವಾಗಿ ತಯಾರಿಸಿ ಬೆಕ್ಕಿನ ಆಹಾರಕ್ಕೆ ಬೆರೆಸುತ್ತಾರೆ. ತಮ್ಮ ವ್ರತಕ್ಕೂ ಬೆಕ್ಕಿನ ಆರೋಗ್ಯಕ್ಕೂ ಸಲ್ಲುವ ದಾರಿ ಯಾವುದೆಂಬುದನ್ನು ಪ್ರತಿಯೊಂದು ಮನೆಯವರೂ ಪಶುವೈದ್ಯರೊಡನೆ ಮುಕ್ತವಾಗಿ ಮಾತಾಡಿಯೇ ನಿರ್ಧರಿಸಬೇಕು. ಕಣ್ಣುಮುಚ್ಚಿ ಹಾಲನ್ನ ಇಡುವುದರಿಂದ ವ್ರತ ಉಳಿದಂತಾಗುವುದಿಲ್ಲ.

ಇನ್ನು ಬಟ್ಟಲಿನ ಮಾತು. ಬೆಕ್ಕಿಗೊಂದು ಬಟ್ಟಲು ಎಂಬುದು ಮೊದಲ ಹೆಜ್ಜೆ, ಆದರೆ ಅಷ್ಟೇ ಸಾಲದು. ಒಂದರ ಬಟ್ಟಲು ಇನ್ನೊಂದರ ಕಣ್ಣಿಗೆ ಬೀಳಬಾರದು. ಒಂದು ಅಡುಗೆಮನೆಯ ಮೂಲೆಯಲ್ಲಿ, ಒಂದು ಜಗಲಿಯ ಕಂಬದ ಹಿಂದೆ, ಒಂದು ಹಿತ್ತಿಲ ಬಾಗಿಲಲ್ಲಿ ಇಟ್ಟರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ನಗರದ ಚಿಕ್ಕ ಮನೆಯಾದರೆ ಕೋಣೆಯ ಬಾಗಿಲನ್ನು ಹದಿನೈದಿಪ್ಪತ್ತು ನಿಮಿಷ ಮುಚ್ಚಬಹುದು, ಅಥವಾ ಅಂಜುಬುರುಕಿಯ ಬಟ್ಟಲನ್ನು ಎತ್ತರದ ಕಟ್ಟೆಯ ಮೇಲೆ ಇಡಬಹುದು. ಅಂಜುವ ಬೆಕ್ಕಿಗೆ ಓಡಿಹೋಗಲು ಎರಡು ದಾರಿಯಿರುವ ಜಾಗ ಬೇಕು, ಗೋಡೆಗೆ ಮುಖಮಾಡಿ ಬೆನ್ನು ಬಯಲಾಗುವ ಮೂಲೆ ಬೇಡ. ಪ್ರಮಾಣವನ್ನು ಹೆಚ್ಚಿಸದೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಹಂಚಿಟ್ಟರೆ ಹೊಟ್ಟೆ ಬರಿದಾಗುವ ಕಾರಣವೂ ಸರಿಯುತ್ತದೆ. ಎಷ್ಟೋ ದಿನ ಶಾಂತವಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಆಹಾರಕ್ಕೆ ಮುಗಿಬೀಳತೊಡಗಿದರೆ ಅದನ್ನು ಸ್ವಭಾವವೆಂದು ತಳ್ಳಿಹಾಕಬಾರದು. ಜಂತುಹುಳು, ಮಧುಮೇಹ, ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ತೊಂದರೆ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಹಾಗೆಯೇ ತಿಂಗಳಿಗೊಮ್ಮೆ ಒಂದೊಂದನ್ನೂ ತೂಗಿ ಬರೆದಿಟ್ಟರೆ ಯಾವುದು ಸೊರಗುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ತಕ್ಕಡಿಗೆ ತಿಳಿಯುತ್ತದೆ.

ಮೌನವಾದ ಕಾವಲನ್ನು ಗುರುತಿಸುವುದು ಇವೆಲ್ಲಕ್ಕಿಂತ ಕಷ್ಟ. ಗುರುಗುಟ್ಟದೆ, ಪಂಜ ಎತ್ತದೆ, ಬಾಗಿಲ ನಡುವೆ ಹಾಯಾಗಿ ಮಲಗಿದಂತೆ ಮಲಗಿಯೇ ಒಂದು ಬೆಕ್ಕು ಇನ್ನೊಂದರ ದಾರಿಯನ್ನು ಕಟ್ಟಬಲ್ಲದು. ಕದಲದ ನೋಟವೊಂದೇ ಸಾಕು. ಮನೆಯವರ ಕಣ್ಣಿಗೆ ಅಲ್ಲಿ ಜಗಳವೇ ಇಲ್ಲ. ಹೊಡೆದದ್ದು ಕಾಣುತ್ತದೆ, ತಡೆದದ್ದು ಕಾಣುವುದಿಲ್ಲ. ಅತಿಚಾರಗಳನ್ನು ಎಣಿಸುವಾಗ ಹೊಡೆತ, ಅಂಗಚ್ಛೇದಗಳಂಥ ಎದ್ದುಕಾಣುವ ಹಿಂಸೆಗಳ ಪಕ್ಕದಲ್ಲಿಯೇ ಅನ್ನ ತಪ್ಪಿಸುವುದನ್ನೂ ಆಚಾರ್ಯರು ಇರಿಸಿದ್ದು ಈ ಕಾಣದ ಹಿಂಸೆಯನ್ನು ಬಲ್ಲವರಾದ್ದರಿಂದಲೇ ಇರಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲನೆಯದನ್ನು ಕೊಟ್ಟು ಕೊನೆಯದನ್ನು ಮರೆತರೆ ಮೊದಲನೆಯದೂ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ.

ಕೆಲವು ವಾರಗಳು ಕಳೆದ ಮೇಲೆ ಬಟ್ಟಲುಗಳನ್ನು ತುಸು ತುಸುವೇ ಹತ್ತಿರ ತಂದು ನೋಡುವವರಿದ್ದಾರೆ. ಕೆಲವು ಬೆಕ್ಕುಗಳು ಒಪ್ಪುತ್ತವೆ, ಕೆಲವು ಕೊನೆಯವರೆಗೂ ಒಪ್ಪುವುದಿಲ್ಲ. ಒಪ್ಪದವನ್ನು ಬೇರೆಯಾಗಿಯೇ ಉಣ್ಣಲು ಬಿಡುವುದು ಸರಿ. ಒಂದೇ ತಟ್ಟೆಯಲ್ಲಿ ತಿನ್ನಿಸಿಯೇ ತೀರುವೆನೆಂಬ ಹಟ ಮನುಷ್ಯನ ಆಸೆ, ಬೆಕ್ಕಿನ ಅಗತ್ಯವಲ್ಲ.

ಅಹೋರಾತ್ರಿ ಬಟ್ಟಲನ್ನು ತುಂಬಿಟ್ಟರೆ ಜಗಳವೇ ಇರದೆಂದು ಹೇಳುವವರೂ ಉಂಟು. ಜೈನರ ಮನೆಗೆ ಅದು ಹೊಂದುವುದಿಲ್ಲ. ಇರುಳಿನಲ್ಲಿ ಉಳಿದ ಆಹಾರಕ್ಕೆ ಇರುವೆಗಳು ಸಾಲುಗಟ್ಟುತ್ತವೆ, ಬೆಳಿಗ್ಗೆ ಬಟ್ಟಲು ತೊಳೆಯುವಾಗ ಅವು ನೀರಿನಲ್ಲಿ ಕೊಚ್ಚಿಹೋಗುತ್ತವೆ. ಇರುವೆ ಬಾರದಂತೆ ಬಟ್ಟಲನ್ನು ನೀರು ತುಂಬಿದ ತಟ್ಟೆಯೊಳಗೆ ಇಡುವ ಉಪಾಯದಲ್ಲಿಯೂ ಇರುವೆಗಳು ಮುಳುಗಿ ಸಾಯುವುದು ತಪ್ಪಿದ್ದಲ್ಲ. ಆದ್ದರಿಂದ ಬೆಕ್ಕು ತಿಂದು ಮುಗಿಸುವವರೆಗೆ ಅಲ್ಲಿಯೇ ಇದ್ದು, ಸಂಜೆಯ ಬೆಳಕು ಆರುವ ಮುನ್ನ ಬಟ್ಟಲುಗಳನ್ನು ಎತ್ತಿ, ನೆಲವನ್ನು ಮೃದುವಾಗಿ ಒರೆಸಿಬಿಡಬೇಕು. ಗಾಳಿಸಿದ ನೀರಿನ ಬಟ್ಟಲುಗಳು ಮಾತ್ರ ರಾತ್ರಿಯಿಡೀ ಇರಲಿ, ಅವೂ ಒಂದೇ ಕಡೆಯಲ್ಲಿ ಬೇಡ.